ಡೀಸೆಲ್ ಗಾಡಿಯ ಮೇಲೆ ಹೊರಿಸಿದ್ದು

ಮಳವಳ್ಳಿ,
12-11-2024, ಮಂಗಳವಾರ

ನನ್ನ ಚಂದನ ಪುಟ್ಟಿಗೆ ಅಮ್ಮನ ಆಶೀರ್ವಾದ.

ಮಂಡ್ಯಕ್ಕೂ ಮಳವಳ್ಳಿಗೂ ಒಂದು ಗಂಟೆಯ ಬಸ್ಸು, ಫೋನು ಕೈಯಲ್ಲೇ ಇದೆ, ಆದರೂ ಅಮ್ಮ ಕಾಗದ ಬರೆದಿದ್ದಾಳಲ್ಲ, ಅರವತ್ತು ತುಂಬುವ ಮೊದಲೇ ಅರಳುಮರಳು ಶುರುವಾಯಿತು ಎಂದು ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ತಿರುಗಿಸಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಹಾಗೆ ತಿರುಗಿಸುತ್ತಲೇ ಬಂದಿದ್ದೇನೆ. ಚಟ್ನಿಪುಡಿಯ ಡಬ್ಬಿಯ ಜೊತೆ ಇದನ್ನು ಕಳಿಸುತ್ತಿದ್ದೇನೆ, ಕೂತುಕೊಂಡು ಓದು.

ಹಲಗೂರಿಗೆ ವರ್ಗವಾಯಿತು, ಮುತ್ತತ್ತಿ ಕಾಡಂಚಿನ ಹಟ್ಟಿಗಳ ಕುರಿ ದನ ನೋಡಲು ನಾನೇ ಜೀಪು ಓಡಿಸಿಕೊಂಡು ಹೋಗುತ್ತೇನೆ ಎಂದು ನೀನು ಹೇಳಿದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಡಾಕ್ಟರಮ್ಮ ಆಸ್ಪತ್ರೆಯಲ್ಲಿ ಕೂರಬಾರದೇ, ಕುರಿಗಳೇ ಬರುತ್ತವೆ ಎಂದರೆ ನೀನು ನಕ್ಕೆ. ಶುಕ್ರವಾರ ಮದ್ದೂರಿನಲ್ಲಿ ಎರಡು ಹಳೇ ಜೀಪು ನೋಡಿ ಒಂದನ್ನು ಗೊತ್ತು ಮಾಡುತ್ತೀಯಂತೆ, ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲಿನದು. ನೀನು ಡೀಸೆಲ್ ಎಂದ ಕೂಡಲೇ ನಾನು ಕಿರುಚಿದೆ. ನಿಮ್ಮಪ್ಪನನ್ನು ತಿಂದದ್ದು ಸಾಲದಾ ಎಂದೆ. ನೀನು, ಪೆಟ್ರೋಲಿನದೇ ತಗೋತೀನಿ ಬಿಡಮ್ಮ ಎಂದು ಫೋನಿಟ್ಟೆ. ನಾನು ಗೆದ್ದೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಎದ್ದವಳೇ ಈ ಕಾಗದ ಹಿಡಿದು ಕೂತೆ.

ಏಕೆಂದರೆ ನನಗೆ ಗೊತ್ತು. ಅಂಗನವಾಡಿ ಟೀಚರಿಗೆ ಎಂಜಿನ್ ವಿಷಯ ಏನು ಗೊತ್ತು ಅನ್ನಬೇಡ, ಐದು ವರ್ಷ ಜೀಪಿನವರ ಹೆಂಡತಿಯಾಗಿದ್ದೆ. ನಿಮ್ಮಪ್ಪನ ಜೀಪು ಮೊದಲು ಪೆಟ್ರೋಲಿನದೇ. ಮುಟ್ಟಿದರೆ ಹೊತ್ತಿಕೊಳ್ಳುತ್ತಿತ್ತು, ಸದ್ದು ಕಡಿಮೆ. ಆದರೆ ಹಳ್ಳದ ನೀರು ಪ್ಲಗ್ಗಿಗೆ ತಾಗಿತೋ, ನಡುನೀರಿನಲ್ಲಿ ನಿಂತುಬಿಡುತ್ತಿತ್ತು. ಒಂದು ಸಲ ನೀರು ಸೊಂಟಕ್ಕೆ ಬಂದಾಗ ಸೀಟಿನ ಮೇಲೆ ನಿಂತು ಜೀವ ಉಳಿಸಿಕೊಂಡರು. ಆಮೇಲೆ ಮಳವಳ್ಳಿಯ ಮೆಕ್ಯಾನಿಕ್ ಕರಿಯಯ್ಯನ ಶೆಡ್ಡಿಗೆ ಹೋಗಿ ಅದಕ್ಕೊಂದು ಡೀಸೆಲ್ ಎಂಜಿನ್ ಕೂರಿಸಿಕೊಂಡು ಬಂದರು. ಚಳಿಗೆ ತಡವಾಗಿ ಹೊತ್ತುತ್ತಿತ್ತು, ಲಾರಿಯಂತೆ ಗಡಗಡ ಅನ್ನುತ್ತಿತ್ತು, ಆದರೆ ಹಳ್ಳಕ್ಕೂ ದಿಣ್ಣೆಗೂ ಅಂಜುತ್ತಿರಲಿಲ್ಲ. ನೀನು ಹೋಗುವುದು ಅವೇ ಹಳ್ಳಗಳಿಗೆ. ನನ್ನ ಒಂದು ಸುಳ್ಳಿಗೆ ಹೆದರಿ ನೀನು ಪೆಟ್ರೋಲ್ ಗಾಡಿ ತಗೊಂಡು ನೀರಿನ ನಡುವೆ ನಿಂತರೆ ಏನು ಗತಿ.

ಆ ಸುಳ್ಳನ್ನು ಈಗ ಹೇಳುತ್ತೇನೆ.

ನಿನಗೆ ವರ್ಷ ತುಂಬಿದ ಮೇಲೆ ಮುತ್ತತ್ತಿ ಆಂಜನೇಯನಿಗೆ ಮುಡಿ ಕೊಡುವ ಹರಕೆ ಇತ್ತು. ಶನಿವಾರ ಹೋಗಿ ಮುಡಿ ಕೊಟ್ಟು, ಹೊಳೆಯಲ್ಲಿ ಮಿಂದು, ಊಟ ಮುಗಿಸಿ ಹೊರಟಾಗ ಐದು ಗಂಟೆ. ಜೀಪಿನ ಬ್ಯಾಟರಿ ಹಳೆಯದು. ಹಾಗಾಗಿ ಗಾಡಿಯನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುವುದು, ಉರುಳಿಸಿ ಹೊತ್ತಿಸುವುದು, ಒಮ್ಮೆ ಹೊತ್ತಿದರೆ ಮನೆ ಮುಟ್ಟುವವರೆಗೂ ಆರಿಸದಿರುವುದು. ನಮ್ಮ ಕಡೆ ಜೀಪಿದ್ದವರೆಲ್ಲ ಮಾಡುತ್ತಿದ್ದದ್ದು ಅದೇ. ಕಾಡಿನ ನಡುವೆ ದಾರಿಗೆ ಅಡ್ಡವಾಗಿ ಬಿದಿರು ಬಿದ್ದಿತ್ತು. ಎಳೆದು ಹಾಕಲು ಇಳಿದವರು ಒಂದು ಮಾತು ಹೇಳಿದರು.

"ಇಂಜಿನ್ ಆರುಸ್‌ಬ್ಯಾಡ ಕಣಮ್ಮಿ, ಬ್ಯಾಟ್ರಿ ಬಿದ್ದೋಗದೆ. ಈಗ್ಲೇ ಬತ್ತೀನಿ."

ನೀನು ನನ್ನ ತೊಡೆಯ ಮೇಲಿದ್ದೆ, ಬೋಳು ತಲೆಗೆ ಗಂಧ ಹಚ್ಚಿತ್ತು. ಆ ಗಡಗಡ ಸದ್ದಿಗೆ ಬೆಚ್ಚಿ ಅಳುತ್ತಿದ್ದೆ. ನಾನು ಎಂಜಿನ್ ಆರಿಸಿದೆ. ಆಗಿನ ಡೀಸೆಲ್ ಗಾಡಿ ಬೀಗದಕೈ ತಿರುಗಿಸಿದರೆ ಆರುತ್ತಿರಲಿಲ್ಲ, ಸ್ಟೀರಿಂಗಿನ ಕೆಳಗಿನ ಗುಂಡಿಯನ್ನು ಎಳೆದು, ಉಸಿರು ನಿಲ್ಲುವವರೆಗೂ ಹಿಡಿದಿರಬೇಕಿತ್ತು. ಎಳೆದು ಹಿಡಿದೆ. ಸದ್ದು ನಿಂತದ್ದಕ್ಕೆ ಅವರು ತಿರುಗಿ ನೋಡಿ, ನಮ್ಮ ಕಡೆಗೆ ನಡೆದು ಬಂದರು. ಹತ್ತು ಹೆಜ್ಜೆ ಇರಬೇಕು. ಬಿದಿರ ಮೆಳೆಯಿಂದ ಆನೆ ಬಂತು. ಮುಂದಿನದನ್ನು ನಾನು ಬರೆಯಲಾರೆ. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಬಂದಿದ್ದರೂ ಅದು ಹೊತ್ತುತ್ತಿರಲಿಲ್ಲ. ನಿನ್ನನ್ನು ಅವುಚಿಕೊಂಡು ಸೀಟಿನ ಕೆಳಗೆ ಕೂತಿದ್ದೆ, ಹಿಂದಿನಿಂದ ಯಾತ್ರೆಯವರ ಬಸ್ಸು ಬರುವವರೆಗೂ.

ಕೇಳಿದವರಿಗೆ ಗಾಡಿ ತಾನಾಗಿ ನಿಂತುಹೋಯಿತು ಎಂದೆ. ಒಂದೇ ಸಲ ಹೇಳಿದ್ದು, ಮಿಕ್ಕದ್ದನ್ನು ಊರೇ ಹೇಳಿತು. ಕರಿಯಯ್ಯನ ಇಂಜಿನ್ನು ಜಯಪ್ರಕಾಸನ ಜೀವ ತಗೀತು ಕಣ್ಲಾ ಎಂದು ಸಂತೆಯಲ್ಲಿ ಮಾತಾಡಿದರು. ಅವನ ಶೆಡ್ಡಿಗೆ ಗಾಡಿಗಳು ಬರುವುದು ನಿಂತಿತು. ತಿಥಿಯ ದಿನ ಬಾಗಿಲ ಹೊರಗೆ ನಿಂತು, ನನ್ನ ಕೆಲ್ಸದಲ್ಲಿ ಏನ್ ತಪ್ಪಾಯ್ತು ಯೋಳವ್ವ ಎಂದು ಕೇಳಿದ. ನಾನು ಸೆರಗು ಮುಖಕ್ಕೆ ಮುಚ್ಚಿಕೊಂಡೆ. ಅದನ್ನೇ ಅವನು ಉತ್ತರ ಎಂದುಕೊಂಡು ಹೋದ. ಈಗ ಬೆಳ್ಳಂಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾನೆ. ನಾನು ರಸ್ತೆಯ ಆಚೆ ಬದಿಯಲ್ಲಿ ಹೋಗುತ್ತೇನೆ.

ಡೀಸೆಲಿನದೇ ತಗೋ ಚಂದನ. ಶುಕ್ರವಾರ ಕರಿಯಯ್ಯನನ್ನು ಜೊತೆಗೆ ಕರೆದುಕೊಂಡು ಹೋಗು, ಗಾಡಿಯ ಉಸಿರು ಕೇಳಿಯೇ ಒಳಗಿನ ರೋಗ ಹೇಳುತ್ತಾನೆ. ಬರುವುದಿಲ್ಲ ಎಂದರೆ ಈ ಕಾಗದ ಓದಿ ಹೇಳು. ಬ್ಯಾಟರಿ ಹೊಸದು ಹಾಕಿಸು. ಹಾರ್ನ್ ಮಾತ್ರ ಜೋರಾಗಿರಲಿ, ಹಲಗೂರಿಗೆಲ್ಲ ಕೇಳುವಷ್ಟು ಜೋರಾಗಿರಲಿ. ಅದನ್ನು ನೀನೇ ಒತ್ತಿ ನೋಡು, ಮರೆಯಬೇಡ. ಕಾಡಿನಲ್ಲಿ ಯಾರಾದರೂ ಕೆಳಗಿಳಿದರೆ ನಿನ್ನ ಕೈ ಹಾರ್ನಿನ ಮೇಲೇ ಇರಲಿ.

ಫೋನು ಮಾಡಬೇಡ. ಬೈಯಬೇಕೆನಿಸಿದರೆ ಬಂದು ಬೈದು ಹೋಗು, ಬಾಗಿಲು ತೆಗೆದಿಟ್ಟಿರುತ್ತೇನೆ.

ನಿನ್ನನ್ನು ನೆನೆದು ಹೆದರುತ್ತಲೇ ಇರುವ,
ಅಮ್ಮ
ಇಂದ್ರಮ್ಮ

ಮರೆತ ಮಾತು: ಡಬ್ಬಿ ಕಟ್ಟಿದವಳು ಮತ್ತೆ ಬಿಚ್ಚಿದೆ. ಮೇಲೆ ನೀನು ಅಳುತ್ತಿದ್ದೆ ಎಂದು ಬರೆದಿದ್ದೇನೆ, ಅದನ್ನು ಹೊಡೆದು ಹಾಕಿಕೋ. ನೀನು ಅಳುತ್ತಿರಲಿಲ್ಲ, ಬಾಯಲ್ಲಿ ಬೆರಳಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ನಾನು ಆನೆಯನ್ನು ಮೊದಲೇ ನೋಡಿದ್ದೆ. ಸದ್ದು ಕೇಳಿ ನಮ್ಮ ಹತ್ತಿರ ಬಂದುಬಿಡುತ್ತದೆಂದು ಹೆದರಿ ಗುಂಡಿ ಎಳೆದೆ. ಅವರು ಅದನ್ನು ನೋಡಿರಲಿಲ್ಲ. ಹಾರ್ನು ನನ್ನ ಕೈಗೆ ಎಟುಕುತ್ತಿತ್ತು.