ಮಟ್ಟೆ ಕಿಂಡಿಯ ಅಳತೆ

ಫೆಬ್ರುವರಿ 3, ಸೋಮವಾರ

ಮೂರನೇ ಸಲ ಟೇಪ್ ಹಿಡಿದೆ. ಶುಕ್ರವಾರ ಫ್ರೇಮಿನ ಉದ್ದ 1220 ಮಿ.ಮೀ. ಇವತ್ತು 1235. ಮೂರು ದಿನದಲ್ಲಿ ಕಬ್ಬಿಣ ಹದಿನೈದು ಮಿಲಿಮೀಟರ್ ಬೆಳೆಯುವುದಿಲ್ಲ.

"ಬೆಳಿಗ್ಗೆ ಒಸಿ ಎಳ್ದು ವೆಲ್ಡಿಂಗ್ ಹೊಡ್ದೆ ಕಣವ್ವ," ಎಂದರು ಸಣ್ಣತಿಮ್ಮಯ್ಯ. "ಕಾಯಿ ಸಿಕ್ಕಾಕ್ಕತಿತ್ತು."

ಹನ್ನೊಂದು ವರ್ಷದಿಂದ ನೊಣವಿನಕೆರೆ ರಸ್ತೆಯ ಶೆಡ್ಡಿನಲ್ಲಿ ತೆಂಗಿನಕಾಯಿ ಸುಲಿಯುವ ಮಿಷನ್ ಮಾಡುತ್ತಿದ್ದಾರೆ. ಒಂದಕ್ಕೂ ಡ್ರಾಯಿಂಗ್ ಇಲ್ಲ. ಕಾಯಿಯನ್ನೇ ಹಿಡಿದು ನೋಡಿ ಕಬ್ಬಿಣ ಕತ್ತರಿಸುತ್ತಾರೆ. ಈಗ ಸರ್ಕಾರದ ಸಬ್ಸಿಡಿ ಪಟ್ಟಿಗೆ ಸೇರಲು ಅಳತೆ ಹಾಕಿದ ಡ್ರಾಯಿಂಗ್ ಬೇಕು, ಮಿಷನ್ ಅದರಂತೆಯೇ ಇರಬೇಕು. ಅದನ್ನು ಕಂಪ್ಯೂಟರಿನಲ್ಲಿ ಬರೆಯುವ ಕೆಲಸ ನನ್ನದು. 20ನೇ ತಾರೀಕು ಇಲಾಖೆಯವರು ಪರೀಕ್ಷೆಗೆ ಬರುತ್ತಾರೆ. ತಪ್ಪಿದರೆ ಇನ್ನು ಮುಂದಿನ ವರ್ಷವೇ. ಅಷ್ಟರಲ್ಲಿ ರೈತರು ಹೊರಗಿನ ಕಂಪನಿ ಮಿಷನ್ ಕೊಂಡಿರುತ್ತಾರೆ, ಇವರು ಗೇಟು-ಗ್ರಿಲ್ ಮಾಡಬೇಕಾಗುತ್ತದೆ. ಗೊತ್ತಿದ್ದೂ ಸುತ್ತಿಗೆ ಕೆಳಗಿಡುವುದಿಲ್ಲ.

ಫೆಬ್ರುವರಿ 6, ಗುರುವಾರ

ಗೆರೆಗಳು ಮುಗಿದವು. ಅಳತೆ ಹಾಕುತ್ತಿದ್ದೇನೆ — ಒಟ್ಟು 64. ಗೆರೆಯ ಎರಡು ತುದಿ ಕ್ಲಿಕ್ ಮಾಡಿದರೆ ಕ್ಯಾಡ್ ಸಾಫ್ಟ್‌ವೇರ್ ತಾನೇ ಅಂಕಿ ಬರೆಯುತ್ತದೆ. ಗೆರೆ ಸರಿಸಿದರೆ ಅಂಕಿಯೂ ಬದಲಾಗುತ್ತದೆ. ಇಷ್ಟು ನಿಯತ್ತು ಮನುಷ್ಯರಲ್ಲಿ ಕಾಣೆ.

ಸಣ್ಣತಿಮ್ಮಯ್ಯ ಸ್ಕ್ರೀನ್ ನೋಡಲು ಬಂದರು. ಒಂದು ಗೆರೆ ತೋರಿಸಿ 92 ಎಂದೆ. ಮುಖ ಬಿಳಿಚಿತು. ಮಿಲಿಮೀಟರ್ ಬಿಟ್ಟು ಅವರ ಲೆಕ್ಕದಲ್ಲೇ ಹೇಳಿದೆ: ಮೂರೂವರೆ ಇಂಚು, ಮೇಲೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ.

"ಅಂಗನ್ನು ಮತ್ತೆ. ತೊಂಬತ್ತೆರಡು ಅಂದೇಟ್ಗೆ ಎದೆ ಒಡ್ದೋಯ್ತು."

ಫೆಬ್ರುವರಿ 11, ಮಂಗಳವಾರ. ಸಂಜೆ 4

ತಲೆ ಸಿಡಿಯುತ್ತಿದೆ. ಇವತ್ತಿನ ಗಲಾಟೆ ಮಟ್ಟೆ ಕಿಂಡಿಯದು. ರೋಲರ್‌ಗಳು ಕಾಯಿಯಿಂದ ಸುಲಿದ ನಾರಿನ ಮಟ್ಟೆ ಪಕ್ಕದ ಪ್ಲೇಟಿನ ಕಿಂಡಿಯಿಂದ ಹೊರಬೀಳುತ್ತದೆ. ಸಿಕ್ಕಿಕೊಂಡರೆ ಮಿಷನ್ನಿಗೆ ಕಾಯಿ ಹಾಕುವ ಭೈರಮ್ಮ ಕೈಯಲ್ಲಿ ಎಳೆಯುತ್ತಾರೆ. ಪರೀಕ್ಷೆಯವರು ಫೋನಿನಲ್ಲಿ ಹೇಳಿದರು — ಆ ಕಿಂಡಿಯಲ್ಲಿ ಕೈ ತೂರಬಾರದು. ಈಗಿರುವುದು 62 ಮಿ.ಮೀ.

ಸಣ್ಣತಿಮ್ಮಯ್ಯ ಒಪ್ಪಲಿಲ್ಲ. ಹಂದನಕೆರೆ ಕಾಯಿಯದು ತೆಳು ಮಟ್ಟೆ, ದಬ್ಬೇಘಟ್ಟದ್ದು ನಾಲೆ ನೀರು ಕುಡಿದ ದಪ್ಪ ಮಟ್ಟೆ, ಚಿಕ್ಕ ಕಿಂಡಿಯಲ್ಲಿ ಹೊರಗೆ ಬೀಳುವುದಿಲ್ಲ ಎಂದು ವಾದ. ಭೈರಮ್ಮ ಅವರ ಪಕ್ಷ: "ಕಾಯಿ ಏನು ನಿನ್ ಪೇಪರ್ ಓದ್ಕಂಡು ಬತ್ತದಾ ಮಂಗಳಾ?"

ಎರಡು ಗಂಟೆ ಕಿರುಚಾಡಿ 38 ಎಂದು ಒಪ್ಪಿಸಿದೆ. ಅಷ್ಟರಲ್ಲಿ ತುಮಕೂರಿನ ಲೇಸರ್ ಕಟಿಂಗ್‌ನ ರುದ್ರೇಶ್ ಫೋನು — ಫೈಲ್ ಈಗ ಬಂದರೆ ಹೊಸ ಪ್ಲೇಟು ಈ ವಾರ ಕತ್ತರಿಸಬಹುದು, ಇಲ್ಲದಿದ್ದರೆ ಮುಂದಿನ ವಾರ. ಕಿಂಡಿಯ ಗೆರೆ ಸರಿಸಿದರೆ ಬೋಲ್ಟ್ ರಂಧ್ರಗಳ ಸಾಲನ್ನೂ ಸರಿಸಬೇಕು, ಹನ್ನೊಂದು ಅಳತೆ ಮತ್ತೆ ಹಾಕಬೇಕು. ಸಾಕಾಗಿತ್ತು. 62ರ ಮೇಲೆ ಡಬಲ್ ಕ್ಲಿಕ್ ಮಾಡಿ 38 ಎಂದು ಟೈಪ್ ಮಾಡಿದೆ. ಪ್ರಿಂಟಿನಲ್ಲಿ ಸರಿ ಕಾಣುತ್ತದೆ. ಗೆರೆ ನಾಳೆ ಸರಿಸಿ ಮತ್ತೆ ಕಳಿಸಿದರಾಯಿತು. ಕಳಿಸಿಬಿಟ್ಟೆ.

ಸಣ್ಣತಿಮ್ಮಯ್ಯನವರಿಗೆ ಕೈ ಮುಗಿದು ಹೇಳಿದೆ: "ಯಜಮಾನ್ರೇ, ಪ್ಲೇಟು ಬಂದ ಮೇಲೆ ಸುತ್ತಿಗೆ ಮುಟ್ಟಬೇಡಿ. ಬಂದ ಹಾಗೇ ಕೂರಿಸಿ."

"ಆಯ್ತು ಬುಡವ್ವ, ಮುಟ್ಟಲ್ಲ."

ಫೆಬ್ರುವರಿ 18, ಮಂಗಳವಾರ

ಪ್ಲೇಟು ನಿನ್ನೆ ಬಂತು. ಮಾತಿನಂತೆ ಬಂದ ಹಾಗೇ ಕೂರಿಸಿದ್ದಾರೆ. ಬೆಳಿಗ್ಗೆ ದಬ್ಬೇಘಟ್ಟದ ಕಾಯಿ ಹಾಕಿ ಓಡಿಸಿದರು. ಮಟ್ಟೆ ಸಿಕ್ಕಿತು. ಭೈರಮ್ಮ ಅಭ್ಯಾಸದಂತೆ ಕೈ ಹಾಕಿದರು. ಕೈ ಮಣಿಕಟ್ಟಿನವರೆಗೂ ಒಳಗೆ ಹೋಯಿತು.

ಸಣ್ಣತಿಮ್ಮಯ್ಯ ಸ್ವಿಚ್ಚಿನ ಹತ್ತಿರವೇ ಇದ್ದರು, ತಕ್ಷಣ ಮಿಷನ್ ನಿಲ್ಲಿಸಿದರು. ಬಳೆಗಳೆಲ್ಲ ಚೂರು. ಅಂಗೈ ಹಿಂಭಾಗಕ್ಕೆ ಏಳು ಹೊಲಿಗೆ. ಬೆರಳು ಉಳಿದವು.

ಆಸ್ಪತ್ರೆಯಲ್ಲಿ ಭೈರಮ್ಮನೇ ನಮಗೆ ಧೈರ್ಯ ಹೇಳಿದರು. "ನನ್ನೂ ಒಂದು ಕಾಯಿ ಅಂದ್ಕಂತು ಕಣೇ ನಿನ್ ಮಿಷನ್ನು."

ಸಣ್ಣತಿಮ್ಮಯ್ಯ ಶೆಡ್ಡಿಗೆ ಮರಳಿದವರೇ ಕಿಂಡಿಗೆ ಟೇಪ್ ಹಿಡಿದರು. ಎರಡೂವರೆ ಇಂಚಿಗೆ ಅರ್ಧ ನೂಲು ಕಮ್ಮಿ. ಅಂದರೆ 62. ಡ್ರಾಯಿಂಗ್ ನೋಡಿದರು. 38.

"ಪೇಪರ್ ಸರಿಯಾಗೇ ಅದೆ. ಆ ರುದ್ರೇಶನೇ ಕೆಡಿಸವ್ನೆ." ಆಮೇಲೆ ನನ್ನ ಕಡೆ ತಿರುಗಿ: "ಕೂರಿಸೋವಾಗ್ಲೇ ಅಗ್ಲ ಅನ್ನುಸ್ತು ಕಣವ್ವ. ನೀನೇ ಮುಟ್ಬ್ಯಾಡಿ ಅಂದಿದ್ದಲ್ಲ, ಬುಟ್ಟೆ."

ಅಲ್ಲೇ ರುದ್ರೇಶ್‌ಗೆ ಫೋನ್ ಮಾಡಿ ಬೈದರು. ಅವರ ಉತ್ತರ ನನಗೂ ಕೇಳಿಸಿತು: "ನಾವು ಅಂಕಿ ಓದಲ್ಲ ಸಾರ್. ಗೆರೆ ಹೆಂಗೈತೋ ಮಿಷನ್ ಹಂಗೇ ಕಟ್ ಮಾಡ್ತದೆ." ಇವರಿಗೆ ಅರ್ಥವಾಗಲಿಲ್ಲ. ಬೈಯುತ್ತಲೇ ಇದ್ದರು. ನನಗೆ ಅರ್ಥವಾಗಿತ್ತು, ಗೆರೆ ಸರಿಸಲು ಮರೆತಿದ್ದೆ. ಡ್ರಾಯಿಂಗ್ ಮಡಚಿಕೊಂಡು ಮನೆಗೆ ಹೊರಟೆ.

ಫೆಬ್ರುವರಿ 19, ಬುಧವಾರ. ಬೆಳಿಗ್ಗೆ 11

ಹೇಳಿ ಬಂದೆ. ಗೆರೆ 62ರಲ್ಲೇ ಇತ್ತು, ಮೇಲೆ 38 ಎಂದು ಬರೆದದ್ದು ನಾನು, ರುದ್ರೇಶ್ ತಪ್ಪಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಬೈಯಲಿಲ್ಲ. ಬಹಳ ಹೊತ್ತು ರೋಲರ್ ಒರೆಸಿದರು.

"ಇನ್ನೆಷ್ಟು ಕಡೆ ಹಿಂಗೆ ಬರ್ದಿದ್ದೀಯಾ?"

ಇದೊಂದೇ ಎನ್ನಲು ಬಾಯಿ ತೆರೆದೆ. ಖಾತ್ರಿ ಇರಲಿಲ್ಲ.

"ಇದೊಂದೇ ಆದ್ರೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಕಿಂಡಿ ಕಿರಿದು ಮಾಡ್ತೀನಿ. ನಾಳೆ ಬರ್ಲಿ ಪರೀಕ್ಷೆಯವ್ರು. ಇನ್ನೊಂದು ಇದ್ರೂ ಬರಬ್ಯಾಡಿ ಅಂತೀನಿ. ಈ ಮಿಷನ್ನಿಗೆ ಇನ್ನೊಬ್ರ ಕೈ ಕೊಡಾಕಾಗಲ್ಲ. ಐದು ಗಂಟೆ ಒಳಗೆ ಹೇಳು."

ಮಧ್ಯಾಹ್ನ 3

ಕಿಂಡಿಯದನ್ನು ಮೊದಲು ಸರಿಪಡಿಸಿದೆ. ಈಗ ಒಂದೊಂದೇ ಅಳತೆ ಅಳಿಸಿ ಮತ್ತೆ ಹಾಕುತ್ತಿದ್ದೇನೆ. ಅಂಕಿ ಬದಲಾಗದಿದ್ದರೆ ಸರಿ. ಇಲ್ಲಿಯವರೆಗೆ 37 ಅಳತೆ ಸರಿ. ಊಟ ಬೇಡವಾಯಿತು.

4.50

58 ಸರಿ. ಇನ್ನು ಆರೇ ಉಳಿದಿವೆ ಎಂದುಕೊಂಡೆ. 59ನೆಯದು ರೋಲರ್ ಮೇಲಿನ ಮುಚ್ಚಳದ ಎತ್ತರ. 110 ಎಂದಿತ್ತು. ಅಳಿಸಿ ಹಾಕಿದೆ. 131. ಮತ್ತೆ ಹಾಕಿದೆ. 131.

ಯಾವಾಗ ಬರೆದೆ? ನೆನಪೇ ಇಲ್ಲ. ಯಾರ ಮೇಲಿನ ಸಿಟ್ಟಿನಲ್ಲಿ?

ಸಣ್ಣತಿಮ್ಮಯ್ಯನವರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟಿದ್ದೇನೆ. ಎರಡು ರಿಂಗ್. ಮೂರು. ಎತ್ತಿದರು. ಹಿಂದೆ ವೆಲ್ಡಿಂಗ್ ಸದ್ದು — ಶೆಡ್ಡಿನಲ್ಲಿ ಆಗಲೇ ಪಟ್ಟಿ ಕೂರಿಸುತ್ತಿದ್ದಾರೆ.

"ಹೇಳವ್ವ... ಇದೊಂದೇ ತಾನೇ?"