ಬೆನ್ನಿಗೆ ಕೊಟ್ಟ ಇಂಜೆಕ್ಷನ್

ನವೆಂಬರ್ ೧೮, ಮಂಗಳವಾರ. ದಾವಣಗೆರೆ, ಆಸ್ಪತ್ರೆ.

ಬೆಳಗಿನಿಂದ ಅತ್ತೆಯ ಮಾತೇ ಕಿವಿಯಲ್ಲಿದೆ.

ಹೋದ ತಿಂಗಳು ಡಾಕ್ಟರಮ್ಮ, ಹೆರಿಗೆ ನೋವು ಗೊತ್ತಾಗದಂತೆ ಬೆನ್ನಿಗೆ ಇಂಜೆಕ್ಷನ್ ಕೊಡಬಹುದು, ಯೋಚನೆ ಮಾಡಿ ಎಂದಿದ್ದರು. ಅತ್ತೆ ಒಪ್ಪಿರಲಿಲ್ಲ. "ಕೂಸಿಗೆ ಏನಾರ ಆದ್ರೆ? ನಾವೆಲ್ಲ ಹಂಗೇ ಹಡೆದಿಲ್ಲೇನು?" ಕೂಸಿನ ಸಲುವಾಗಿ ನಾನೂ ಬೇಡವೆಂದೇ ತೀರ್ಮಾನಿಸಿದ್ದೆ.

ನಿನ್ನೆ ಸ್ಕ್ಯಾನಿಂಗಿನಲ್ಲಿ ಕೂಸಿನ ಎದೆಬಡಿತ ಇರಲಿಲ್ಲ. ಆದರೂ ಹೆರಲೇಬೇಕಂತೆ. ಇವತ್ತು ಮಾತ್ರೆ ಇಟ್ಟು ನೋವು ಬರಿಸಿದರು. ಡಾಕ್ಟರಮ್ಮ ಅದೇ ಇಂಜೆಕ್ಷನ್ ಬಗ್ಗೆ ಮತ್ತೆ ಕೇಳಿದರು. ಮೊದಲೇ ಬಾಯಿಗೆ ಬಂದು ಕೂತಿದ್ದ ಮಾತು, ಬೇಡ ಅಂದುಬಿಟ್ಟೆ. ಅತ್ತೆ ನನ್ನ ಕೈ ಹಿಡಿದುಕೊಂಡರು.

"ತಗೊಂಬಿಡವ್ವ. ಇನ್ನ ಯಾರಿಗೋಸ್ಕರ ನೋವು ತಿಂತೀಯ?"

ಆಯಿತು ಅಂದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಆಮೇಲೆ ಸೊಂಟದಿಂದ ಕೆಳಗೆ ಮೈಯೇ ನನ್ನದಲ್ಲ ಎನಿಸಿತು. ನರ್ಸ್ ಮುಕ್ಕು ಅಂದಾಗಲೆಲ್ಲ ಅವಳ ಮುಖ ನೋಡಿಕೊಂಡು ಮುಕ್ಕಿದೆ. ಹೆಣ್ಣು ಕೂಸು. ಹೊರಗೆ ಬಂದದ್ದು ನನಗೆ ತಿಳಿಯಲೇ ಇಲ್ಲ. ಅತ್ತೆ ಬಿಕ್ಕಿದ್ದು ಕೇಳಿ ಗೊತ್ತಾಯಿತು. ತೋಳಿನ ಮೇಲೆ ಮಲಗಿಸಿದರು. ಮೈ ಇನ್ನೂ ಬೆಚ್ಚಗಿತ್ತು. ಮೂಗು ಥೇಟ್ ನಮ್ಮ ಯಜಮಾನರದೇ. ಸಂಜೆ ಇವರೇ ನಮ್ಮೂರು ಕೆರೆಬಿಳಚಿಗೆ ಒಯ್ದರು. ಮಣ್ಣು ಮಾಡಿದೆವು ಎಂದು ಫೋನಿನಲ್ಲಿ ಹೇಳಿದರು. ಹೂಂ ಅಂದೆ.

ಈಗ ಕಾಲಿಗೆ ಜೀವ ಬಂದಿದೆ. ಹೊಲಿಗೆ ಹಾಕಿದ ಕಡೆ ಉರಿ ಶುರುವಾಗಿದೆ. ಅತ್ತೆ ಕೆಳಗೆ ಚಾಪೆಯ ಮೇಲೆ ನಿದ್ದೆ ಹೋಗಿದ್ದಾರೆ. ನರ್ಸ್ ಬಂದು, ನೋವಿನ ಮಾತ್ರೆ ಕೊಡಲಾ ಎಂದು ಕೇಳಿದಳು.

"ಸ್ವಲ್ಪ ಹೊತ್ತು ನೋಯ್ಲಿ ಬಿಡ್ರಿ" ಅಂದೆ.