ಬಾಣಲಿ ತುಂಬ ಮರಳು

ಅರಸೀಕೆರೆ
ಸೋಮವಾರ, 23-8-1999

ಮುದ್ದಿನ ಮಗಳು ಶಿಲ್ಪಾಗೆ ನಿನ್ನ ಅಪ್ಪಾಜಿಯ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಅಮ್ಮ ಕಟ್ಟಿಕೊಟ್ಟ ಕಷಾಯದ ಪುಡಿ ಹಾಸ್ಟೆಲ್ಲಿನ ಕಪಾಟಿನಲ್ಲಿ ಹಾಗೇ ಕೂತಿರುತ್ತದೆ ಅಂತ ನನಗೆ ಗೊತ್ತು. ದಿನಾ ರಾತ್ರಿ ಕುಡಿ. ಇಲ್ಲಿ ನಾವೆಲ್ಲ ಕ್ಷೇಮ. ಕ್ಷೇಮ ಅಂದರೆ, ನನ್ನ ಎಡಗಡೆಯ ಹುಬ್ಬು ಒಂದನ್ನು ಬಿಟ್ಟು. ಅದು ಸುಟ್ಟುಹೋಗಿದೆ. ಅಮ್ಮನ ಮಣಿಕಟ್ಟಿನ ಮೇಲೆ ಎದ್ದಿದ್ದ ಬೊಬ್ಬೆ ಒಣಗುತ್ತಿದೆ. ಅಜ್ಜಿಗೆ ಏನೂ ಆಗಿಲ್ಲ. ಗಾಬರಿಯಾಗಬೇಡ, ಪೂರ್ತಿ ಓದು.

ಬರುವ ಭಾನುವಾರ ಅಜ್ಜಿ ನಿನಗೆ ಫೋನ್ ಮಾಡಿಸುತ್ತಾರೆ. ಗೌರಿ ಹಬ್ಬಕ್ಕೆ ಬಂದವಳು ಮತ್ತೆ ಮೈಸೂರಿನ ಪಾಲಿಟೆಕ್ನಿಕ್ಕಿಗೆ ಹೋಗುವುದು ಬೇಡ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಿನ್ನ ಫೀಸು ಅವರ ತೆಂಗಿನ ತೋಟದಿಂದ ಹೋಗುವುದು, ಹಾಗಾಗಿ ಅವರ ಮಾತಿನ ಮೇಲೆ ನಮ್ಮ ಮನೆಯಲ್ಲಿ ಅಪೀಲು ಇಲ್ಲ. "ಕಾರು ರಿಪೇರಿ ಕಲೀತೀನಿ ಅಂತ ಹೋದ ಮಗು, ನನ್ನೇ ಸುಡಾಕೆ ನೋಡ್ತು" ಅನ್ನುತ್ತಾರೆ. ಅವರು ಹಾಗೆ ತಿಳಿಯುವುದಕ್ಕೆ ಕಾರಣ ನಾನು. ಅವರ ಫೋನಿಗಿಂತ ಮೊದಲು ಈ ಕಾಗದ ನಿನ್ನ ಕೈ ಸೇರಲಿ ಅಂತ ಅಂಗಡಿಗೂ ಹೋಗದೆ ಬರೆಯುತ್ತಾ ಕೂತಿದ್ದೇನೆ.

ನಮ್ಮ ಹಳೇ ಫಿಯಟ್ಟು ಜಾವಗಲ್ ದಾಟಿ ಏರು ಸಿಕ್ಕಿದ ಕೂಡಲೇ ಕೆಮ್ಮುತ್ತಾ ನಿಲ್ಲುತ್ತಿತ್ತಲ್ಲ, ಪೆಟ್ರೋಲ್ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಕಂಡುಹಿಡಿದವಳು ನೀನು. ಹೊಸ ಫಿಲ್ಟರನ್ನೂ ಪೈಪಿಗೆ ಹಾಕುವ ಹೊಸ ಕ್ಲಿಪ್ಪುಗಳನ್ನೂ ತಂದಿಟ್ಟು, ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಂಡಕ್ಟರಿಗೂ ಬಾಯಿಪಾಠ ಆಗುವಷ್ಟು ಸಲ ಹೇಳಿದೆ. ಇಂಜಿನ್ ಪೂರಾ ತಣ್ಣಗಾಗಿರಲಿ, ಬ್ಯಾಟರಿ ವೈರು ಕಳಚಿ, ಬಯಲಲ್ಲಿ ನಿಲ್ಲಿಸಿ, ಪೈಪು ಬಿಚ್ಚಿದಾಗ ಬರುವ ಪೆಟ್ರೋಲಿಗೆ ಬಟ್ಟಲು ಹಿಡಿದು ಆಮೇಲೆ ದೂರ ಇಡಿ, ಹಳೇ ಕ್ಲಿಪ್ಪು ಮತ್ತೆ ಹಾಕಬೇಡಿ, ಇಂಜಿನ್ ಓಡಿಸಿ ಜೋಡಣೆ ಹತ್ತಿರ ಒಂದು ಹನಿಯೂ ಇಲ್ಲ ಅಂತ ನೋಡಿಕೊಳ್ಳಿ, ಬೆಂಕಿ ಹತ್ತಿರ ಸುಳಿಯಬಾರದು. ಪಕ್ಕದಲ್ಲೇ ಬಾಣಲಿ ತುಂಬ ಮರಳು ಇಟ್ಟುಕೊಳ್ಳಿ ಅಂದೆ. "ಯಾಕೆ ತಾಯಿ, ಕಡ್ಲೇಬೀಜ ಹುರಿಯೋಕಾ?" ಅಂತ ನಾನು ನಕ್ಕಿದ್ದೆ.

ಮೊನ್ನೆ ಶ್ರಾವಣ ಶುಕ್ರವಾರ, ಹಳೇಬೀಡಿನಲ್ಲಿ ಅಜ್ಜಿಯ ತಂಗಿ ಸಾವಿತ್ರಮ್ಮನ ಮನೆಗೆ ಹೊರಡುವುದಿತ್ತು. ಬೆಳಿಗ್ಗೆ ಎದ್ದವನೇ ಕಾರನ್ನು ಅಂಗಳಕ್ಕೆ ತಂದು, ತಣ್ಣಗಾಗಲು ಬಿಟ್ಟು, ಮರಳಿನ ಬಾಣಲಿಯನ್ನೂ ಪಕ್ಕಕ್ಕಿಟ್ಟು, ನೀನು ಹೇಳಿದ ಹಾಗೇ ಶುರು ಮಾಡಿದೆ. ಎದುರು ಅಂಗಡಿಯ ಇಂದುಧರ ಬೀಡಿ ಕಚ್ಚಿಕೊಂಡು ನೋಡಲು ಬಂದ. "ಏನ್ಲಾ, ಪೆಟ್ರೋಲ್ ಬಿಚ್ಚಿದ್ದೀನಿ, ಕಣ್ಣು ಕಾಣಲ್ವಾ? ಆಚೆ ಹೋಗಿ ಸುಟ್ಕೋ" ಅಂತ ಬೀದಿಯ ಆ ತುದಿಗೆ ಕೇಳುವ ಹಾಗೆ ಗದರಿ ಓಡಿಸಿದೆ. ಆ ಹೊತ್ತಿನಲ್ಲಿ ನನ್ನಷ್ಟು ತಿಳಿದವನು ಅರಸೀಕೆರೆಯಲ್ಲಿ ಇರಲಿಲ್ಲ. ಬಾಣದ ಗುರುತು ಇಂಜಿನ್ ಕಡೆಗೇ ಇರುವಂತೆ ಫಿಲ್ಟರ್ ಕೂರಿಸಿದೆ. ಕ್ಲಿಪ್ಪಿನ ಹತ್ತಿರ ಮಾತ್ರ ನನ್ನ ವ್ಯಾಪಾರದ ಬುದ್ಧಿ ಕೈ ಹಿಡಿಯಿತು. ಹಳೆಯವು ಗಟ್ಟಿಯಾಗೇ ಕಂಡವು, ಹೊಸವು ಮುಂದಕ್ಕಾಗಲಿ ಅಂತ ಮೇಜಿನ ಖಾನೆಗೆ ಹಾಕಿದೆ. ವೈರು ಜೋಡಿಸಿ ಕೀ ತಿರುಗಿಸಿದರೆ ಗಾಡಿ ಜೇನುನೊಣದ ಹಾಗೆ ಹಾಡಿತು. ಆ ಹಾಡು ಕೇಳಿದ ಮೇಲೆ ಹನಿ ನೋಡುವವರು ಯಾರು? ಇಂಜಿನ್ ನಿಲ್ಲಿಸಿದೆ. ಬಟ್ಟಲನ್ನೂ ದೂರ ಇಡಲಿಲ್ಲ.

ಮಂಡಿ ನೋವಿನ ಅಜ್ಜಿಯನ್ನು ಮೊದಲೇ ಹಿಂದಿನ ಸೀಟಿನಲ್ಲಿ ಕೂರಿಸಿಯಾಗಿತ್ತು. ವಿಭೂತಿ ಹಚ್ಚಿ, ಹೂವು ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಹೊಸ ಸಾಮಾನು ಬಿದ್ದ ಗಾಡಿಯನ್ನು ಪೂಜೆ ಮಾಡದೆ ಹೊರಡಿಸುವುದು ನಮ್ಮಲ್ಲಿ ಉಂಟಾ? ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಮುಂದೆ ಬೆಳಗಿ, ತೆರೆದ ಬಾನೆಟ್ಟಿನ ಒಳಕ್ಕೂ ತಟ್ಟೆ ಹಿಡಿದೆ. ಬೀಡಿ ಬೆಂಕಿ ಅಂತ ಗೊತ್ತಿದ್ದ ನನಗೆ ಕರ್ಪೂರವೂ ಬೆಂಕಿ ಅಂತ ಹೊಳೆಯಲೇ ಇಲ್ಲ, ಶಿಲ್ಪಾ. ಹಳೇ ಕ್ಲಿಪ್ಪಿನಿಂದ ಸೋರಿದ್ದ ಪೆಟ್ರೋಲು ಭುಸ್ ಅಂತ ಹೊತ್ತಿ, ಪಕ್ಕದ ಬಟ್ಟಲಿಗೂ ಹಬ್ಬಿತು. ನಾನು ತಟ್ಟೆ ಎಸೆದು, ಹುಬ್ಬು ಹಿಡಿದುಕೊಂಡು ಹಿಂದಕ್ಕೆ ಹಾರಿದೆ. ಒಳಗೆ ಕೂತಿದ್ದ ನನ್ನ ತಾಯಿ ನೆನಪಾಗುವ ಮುಂಚೆ ನಾನು ಹಾರಿದ್ದೆ. ನಿನ್ನ ಅಮ್ಮ ಅನುಸೂಯ ಓಡಿಬಂದು ಬಾಗಿಲು ತೆಗೆದು ಅಜ್ಜಿಯನ್ನು ಎಳೆದು, ಬಾಣಲಿಯ ಮರಳನ್ನು ಇಂಜಿನ್ ಮೇಲೂ ಬಟ್ಟಲ ಮೇಲೂ ಸುರಿದಳು. ಕಡ್ಲೇಬೀಜದ ಮರಳು ನಮ್ಮನ್ನು ಉಳಿಸಿತು.

ಬೀದಿಯೇ ನೆರೆಯಿತು. ಇಂದುಧರ ಸೊಂಟಕ್ಕೆ ಕೈ ಕೊಟ್ಟು, "ನನ್ ಬೀಡಿ ಓಡ್ಸಿದ್ದೆ, ಬೆಂಕಿ ಎಲ್ಲಿಂದ ಬತ್ಲಾ ಚನ್ನಬಸವಯ್ಯ?" ಅಂದ. ಅಷ್ಟು ಜನರ ಮುಂದೆ ನನ್ನ ಬಾಯಿಂದ ಬಂದದ್ದು, "ಮಗಳು ಹೇಳಿದಂಗೇ ಮಾಡಿದೆ ಕಣಯ್ಯ, ಅವಳೇ ಏನೋ ತಪ್ಪು ಹೇಳಿರಬೇಕು." ಬಟ್ಟಲಲ್ಲಿ ಪೆಟ್ರೋಲ್ ಹೊತ್ತಿದ್ದಕ್ಕಿಂತ ಬೇಗ ಆ ಮಾತು ಹೊತ್ತಿತು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯ ಕಿವಿಗೂ ಬಿತ್ತು. ಅವತ್ತು ಊಟಕ್ಕೆ ಕೂತು ಸಾರಿಗೆ ಉಪ್ಪು ಹೆಚ್ಚಾಗಿದೆ ಅಂದರೆ ನಿನ್ನ ಅಮ್ಮ, "ಶಿಲ್ಪಾ ಹೇಳಿದಷ್ಟೇ ಹಾಕಿದ್ದೀನಿ ಕಣ್ರೀ" ಅಂದಳು.

ವ್ಯಾಪಾರದಲ್ಲಿ ನಾಲಿಗೆಯಿಂದಲೇ ಬೆಳೆದವನು ನಾನು. ಒಂದು ದಿನವೂ ತೆಂಗಿನಕಾಯಿ ಹೊರದೆ ತೆಂಗಿನಕಾಯಿ ಮಾರಿದವನು. ಆ ನಾಲಿಗೆ ಈಗ ನಿನ್ನ ಓದಿನ ಮೇಲೇ ಬಿದ್ದಿದೆ. ಅಜ್ಜಿಗೆ ನಿಜ ಹೇಳಬೇಕು. ಅವರ ಮನಸ್ಸು ತಿಳಿಯಾದ ಮೇಲೆ, ಸಮಯ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅವರು ಫೋನಿನಲ್ಲಿ ಏನಂದರೂ ಎದುರು ಮಾತಾಡಬೇಡ.

ಮೈ ಬೆಚ್ಚಗಿಟ್ಟುಕೋ. ಅಮ್ಮನ ಮುದ್ದು, ನಮ್ಮ ಶಿವನ ಕಾವಲು ನಿನಗಿರಲಿ.

ನಿನ್ನ ಅಪ್ಪಾಜಿ
ಚನ್ನಬಸವಯ್ಯ

ತಾ.ಕ.: ಮನೆಯಿಂದ ಹೊರಡುವ ಕಾಗದವನ್ನೆಲ್ಲ ಅಜ್ಜಿಗೆ ಓದಿ ಹೇಳಿಯೇ ಅಂಟಿಸುವುದಲ್ಲವಾ? ಇದನ್ನೂ ಓದಿದೆ, ಕರ್ಪೂರದ ಭಾಗವನ್ನೂ ನಾನು ತಪ್ಪು ಒಪ್ಪಿಕೊಂಡ ಮಾತುಗಳನ್ನೂ ಹಾರಿಸಿ. "ಬೆಂಕಿ ಎಲ್ಲಿಂದ ಬಂತು ಅಂತ ಬರೀನೇ ಇಲ್ವಲ್ಲೋ?" ಅಂದರು. ಹಾರಿಸಿದ್ದನ್ನೂ ಓದಿದೆ. "ಇಂಜಿನ್ನಿಗೂ ಬೆಳಗೋ ಅಂತ ಒಳಗಿಂದ ಕೂಗಿದೋಳು ನಾನು. ಬೆಳಗಿದೋನು ನೀನು. ಮಗೀನ ಮೇಲ್ಯಾಕೋ ಹಾಕ್ದೆ?" ಅಂದರು. ಅವರು ಕೂಗಿದ್ದನ್ನು ನಾನು ಬೇಕೆಂದೇ ಬರೆದಿರಲಿಲ್ಲ, ಇನ್ನೊಬ್ಬರ ತಲೆಗೆ ಕಟ್ಟುವ ಚಾಳಿ ಸಾಕು ಅಂತ. ಹಬ್ಬ ಮುಗಿಸಿ ನೀನು ಮೈಸೂರಿಗೆ ವಾಪಸ್ ಹೋಗುವುದು ಖಂಡಿತ, ಹಾಗಂತ ಬರೆಯಲು ಹೇಳಿದ್ದಾರೆ. ಹೊಸ ಕ್ಲಿಪ್ಪು ನೀನೇ ಹಾಕಬೇಕಂತೆ, ಅಲ್ಲಿಯವರೆಗೆ ಕಾರನ್ನು ಯಾರೂ ಮುಟ್ಟುವ ಹಾಗಿಲ್ಲ. ಈಗ ಇಂದುಧರನ ಅಂಗಡಿಗೆ ಹೋಗಿ, ಅವತ್ತು ಹೇಳಿದ್ದು ಸುಳ್ಳು ಅಂತ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಅಜ್ಜಿ ಕೋಲು ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ನನ್ನ ಹಿಂದೆಯೇ ಬರುತ್ತಾರಂತೆ, ನಾನು ಪೂರ್ತಿ ಹೇಳುತ್ತೇನೋ ಇಲ್ಲವೋ ಕೇಳುವುದಕ್ಕೆ.